ಕಾದಂಬರಿಯ ನರ್ಸ್ ಹೆಸರು ಕೇಳುವುದಿಲ್ಲ

ಪುಸ್ತಕ ಓದಿ ನನಗೆ ಸಿಟ್ಟು ಬಂದದ್ದು ಇದೇ ಮೊದಲು. ಹಾಗೆ ನೋಡಿದರೆ ನಾನು ಹೆಚ್ಚು ಓದಿದವಳೇ ಅಲ್ಲ. ಔಷಧದ ಬಾಟಲಿಯ ಮೇಲಿನ ಸಣ್ಣ ಅಕ್ಷರ, ವಾರ್ಡಿನ ಪುಸ್ತಕ, ಡಾಕ್ಟರುಗಳ ಕೋಳಿ ಕೆದರಿದಂಥ ಬರಹ, ಇವುಗಳನ್ನೇ ಓದಿ ಓದಿ ಕಣ್ಣು ಸವೆದವಳು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂತಿರಲಾಗದೆ ಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಜೀರಿಗೆ, ಸಾಸಿವೆ, ಸೋಡಾ. ಮಗಳು ನೋಡಿ ನಕ್ಕಳು.

ಹೀಗೆ ಐದಾರು ವರ್ಷ ಕಳೆದ ಮೇಲೆ ಗೋಕಾಕದ ಒಂದು ನರ್ಸಿಂಗ್ ಶಾಲೆಯವರು ಮನೆಗೆ ಬಂದು ದಪ್ಪ ಕಾದಂಬರಿಯೊಂದನ್ನು ಕೈಗಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಗಡಿಯ ಡೇರೆ ಆಸ್ಪತ್ರೆಯಲ್ಲಿ ದುಡಿದ ನರ್ಸ್‌ಗಳ ಕಥೆಯಂತೆ. ಲೇಖಕರು ಕಾರ್ಯಕ್ರಮಕ್ಕೆ ಬರುತ್ತಾರೆ, ಈ ಕಸುಬಿಗೆ ಹೊಸದಾಗಿ ಕಾಲಿಡುವ ಹುಡುಗಿಯರ ಮುಂದೆ ನೀವು ಇದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಎಂದರು. ನನಗೆ ಹಿಗ್ಗಾಯಿತು. ನಮ್ಮವರ ಬಗ್ಗೆಯೂ ಒಬ್ಬರು ಇಷ್ಟು ದಪ್ಪ ಪುಸ್ತಕ ಬರೆದರಲ್ಲ ಎಂದು ಚಹಾ ಮಾಡಿಕೊಂಡು ಅಂದೇ ಓದಲು ಕೂತೆ.

ಚಹಾ ಆರಿತು. ಮೂವತ್ತು ಪುಟಕ್ಕೆ ಎದ್ದು ಓಡಾಡತೊಡಗಿದೆ. ಮತ್ತೆ ಕೂತೆ, ಮತ್ತೆ ಎದ್ದೆ. ಕಥೆಯ ನಾಯಕಿ ವಸುಂಧರಾ ಬೆಳಗಾವಿಯ ಹುಡುಗಿ. ಬಾಂಬು ಬೀಳುತ್ತಿರುತ್ತದೆ, ಅವಳ ಬಿಳಿ ಉಡುಪಿಗೆ ಒಂದು ಕಲೆ ಆಗುವುದಿಲ್ಲ. ನಾನೂರು ಪುಟದಲ್ಲಿ ಅವಳು ಒಮ್ಮೆಯೂ ಕೈ ತೊಳೆಯುವುದಿಲ್ಲ, ಒಬ್ಬರ ಬೆಡ್‌ಪ್ಯಾನೂ ತೆಗೆಯುವುದಿಲ್ಲ. ಕಾಲು ನೋಯುತ್ತದೆ ಎನ್ನುವುದಿಲ್ಲ. ಗಾಯಗೊಂಡ ಕ್ಯಾಪ್ಟನ್ ಒಬ್ಬನಿದ್ದಾನೆ. ಅವನ ಹಣೆ ಒರೆಸುವುದರಲ್ಲೇ ಅವಳಿಗೆ ಯುದ್ಧ ಮುಗಿಯುತ್ತದೆ.

ಒಂದು ಕಡೆ ಅವಳು ಕಾಗದದ ಪೊಟ್ಟಣ ಹರಿದು ಸಿರಿಂಜು ತೆಗೆದು, ಚುಚ್ಚಿ, ಬಕೀಟಿಗೆ ಎಸೆಯುತ್ತಾಳೆ. ಎಸೆಯುವುದೇ? ಆ ಕಾಲದಲ್ಲಿ? ನಾನು ಕೆಲಸಕ್ಕೆ ಸೇರಿದಾಗಲೂ ನಮ್ಮಲ್ಲಿದ್ದವು ಗಾಜಿನ ಸಿರಿಂಜುಗಳು. ಚುಚ್ಚಿದ ಮೇಲೆ ತೊಳೆಯಬೇಕು, ಬಿಚ್ಚಿ ಬಟ್ಟೆಯಲ್ಲಿ ಸುತ್ತಬೇಕು, ನೀರಲ್ಲಿ ಕುದಿಸಬೇಕು, ಚಿಮಟದಿಂದ ಎತ್ತಿ ಆರಿಸಬೇಕು. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆವು. ಈಗಿನ ಹುಡುಗಿಯರು ಇದನ್ನು ಕೇಳಿದರೆ ನಾನೇ ಬರ್ಮಾ ಯುದ್ಧಕ್ಕೆ ಹೋಗಿ ಬಂದವಳು ಎಂದುಕೊಂಡಾರು.

ಇದೆಲ್ಲ ಹೋಗಲಿ ಎಂದು ಬಿಡುತ್ತಿದ್ದೆ. ನನ್ನ ಮೈ ಉರಿಸಿದ್ದು ಮಧ್ಯದ ಒಂದು ಪುಟ. ಒಂದೇ ಸಂಜೆ ನೂರಾರು ಗಾಯಾಳುಗಳು ಬಂದು ಬೀಳುತ್ತಾರೆ. ವಸುಂಧರಾ ಮಂಚದಿಂದ ಮಂಚಕ್ಕೆ ಹೋಗಿ ಸೂಜಿ ಚುಚ್ಚುತ್ತಾಳೆ. ಯಾರ ಹೆಸರನ್ನೂ ಕೇಳುವುದಿಲ್ಲ. ಮುಖ ನೋಡಿದರೆ ಅವಳಿಗೆ ಸಾಕಂತೆ, ಒಬ್ಬರದೂ ಅದಲುಬದಲಾಗಲಿಲ್ಲವಂತೆ. ಆ ಪುಟದ ಮೇಲೆ ಪುಸ್ತಕ ಬೋರಲು ಹಾಕಿ ಅಂಗಳಕ್ಕೆ ಹೋಗಿ ನಿಂತೆ. ತಿರುಗಿ ಬಂದು ಅದೇ ಪುಟ ಓದಿದೆ. ಒಂದು ಕಾದಂಬರಿಯ ಒಂದು ಪುಟ ನನ್ನನ್ನು ಯಾಕೆ ಹೀಗೆ ಕುಟುಕುತ್ತಿದೆ ಎಂದು ನನಗೇ ಹೇಳಿಕೊಳ್ಳಲಾಗಲಿಲ್ಲ.

ಹೇಳಲಾಗಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಿತ್ತು.

ನಾನು ಸಂಕೇಶ್ವರದವಳು. ನಮ್ಮ ಅಬ್ಬಾ ಬಳೆ ಮಾರುತ್ತಿದ್ದರು. ಹೆಂಗಸರ ಕೈ ಹಿಡಿದರೆ ಯಾವ ಅಳತೆ ಎಂದು ಕೇಳದೆಯೇ ಹೇಳುತ್ತಿದ್ದರು. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾಗ ನನಗೂ ಅದೇ ಹಮ್ಮಿತ್ತು, ಒಮ್ಮೆ ನೋಡಿದವರನ್ನು ಮರೆಯುವುದಿಲ್ಲ ಎಂದು. ಹುಕ್ಕೇರಿ, ಗೋಕಾಕ, ಮೂಡಲಗಿ, ಇಷ್ಟರೊಳಗೇ ನನ್ನ ನೌಕರಿ ಸುತ್ತಿ ಸುತ್ತಿ ಮುಗಿಯಿತು. ಈಗ ಹೇಳುವುದು ಯಾವ ಆಸ್ಪತ್ರೆಯಲ್ಲಿ ನಡೆದದ್ದೆಂದು ಹೇಳುವುದಿಲ್ಲ. ತಪ್ಪು ಕಟ್ಟಡದ್ದಲ್ಲ.

ಅಲ್ಲಿ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರು ಕಮಲಾಬಾಯಿ. ಗಿಡ್ಡ ಹೆಂಗಸು, ಧ್ವನಿ ಮಾತ್ರ ಗೇಟಿನವರೆಗೆ ಕೇಳುತ್ತಿತ್ತು. ನನ್ನ ಹಮ್ಮನ್ನು ಮೊದಲ ವಾರದಲ್ಲೇ ಹಿಡಿದರು.

"ಏ ಹಸೀನಾ, ಮಾರಿ ನೋಡಿ ಸೂಜಿ ಹಾಕಬ್ಯಾಡ. ಹೆಸರು ಕೇಳು, ಗಂಡನ ಹೆಸರು ಕೇಳು, ಊರು ಕೇಳು. ಮೂರೂ ಕೂಡಿದ ಮ್ಯಾಲೆ ಸೂಜಿ. ತಿಳೀತೇನು?"

ಹೇಳುವುದು ಸುಲಭ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ನಮ್ಮ ಅಮ್ಮಿಯೂ ಅಬ್ಬಾನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ವಾರ್ಡಿನಲ್ಲಿ ಯಜಮಾನರ ಹೆಸರೇನವ್ವಾ ಎಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಒಬ್ಬಳು ಪಕ್ಕದ ಮಂಚದವಳ ಕಿವಿಯಲ್ಲಿ ಉಸುರಿ, ಅವಳಿಂದ ಹೇಳಿಸುತ್ತಿದ್ದಳು. ಒಬ್ಬಳು ಗೋಡೆಯ ಕ್ಯಾಲೆಂಡರಿನ ದೇವರನ್ನು ತೋರಿಸುತ್ತಿದ್ದಳು. ಚಂದ್ರಪ್ಪನ ಹೆಂಡತಿಯೊಬ್ಬಳು ಮಟಮಟ ಮಧ್ಯಾಹ್ನ ಕಿಟಕಿಯಿಂದ ಆಕಾಶ ತೋರಿಸಿದಳು. ಕಮಲಾಬಾಯಿ ಇದಕ್ಕೆಲ್ಲ ಬೇಸರಪಡುತ್ತಿರಲಿಲ್ಲ. ಬಾಣಂತಿಯ ಮುಂಗೈ ಹಿಡಿದು, ಅತ್ತೆ ಬರುವ ತನಕವಾದರೂ ಕಾಯುತ್ತಿದ್ದರು. ನನಗೆ ಆ ತಾಳ್ಮೆ ಇರಲಿಲ್ಲ.

ನಾನು ಸೇರಿ ಮೂರು ವರ್ಷವಾಗಿತ್ತು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಮಲಾಬಾಯಿ ಮಗಳ ಮದುವೆಗೆಂದು ರಜೆಯ ಮೇಲಿದ್ದರು. ಮೂವತ್ತು ಮಂಚಕ್ಕೆ ನಾನೊಬ್ಬಳೇ. ಅಂದು ಎಂಟನೆಯ ಮಂಚಕ್ಕೆ ಕುಲಗೋಡದ ಒಬ್ಬಳು ಚೊಚ್ಚಿಲ ಹೆರಿಗೆಗೆ ಬಂದಳು. ಹೆಸರು ಮಹಾದೇವಿ. ಏಳನೆಯ ಮಂಚದಲ್ಲಿದ್ದವಳೂ ಮಹಾದೇವಿಯೇ, ಅಂಕಲಗಿ ಕಡೆಯವಳು. ಕುಲಗೋಡದವಳನ್ನು ಗಂಡನ ಹೆಸರು ಕೇಳಿದೆ. ನೋವಿನಲ್ಲೂ ನಾಚಿ ಸೆರಗು ಕಚ್ಚಿಕೊಂಡಳು. ಮತ್ತೆ ಕೇಳಿದೆ, ತಲೆ ಅಲ್ಲಾಡಿಸಿದಳು. ನಾನು ರೇಗಿದೆ.

"ಹೆಸರು ಹೇಳಿದ್ರ ಏನು ಸತ್ತು ಹೋಗ್ತಾನೇನು ನಿನ್ನ ಗಂಡ? ನಿಮ್ಮಂಥವರಿಂದನ ನಮ್ಮ ಕೆಲಸ ಕೆಡ್ತೈತಿ!"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಅವಳ ಅತ್ತೆ ಓಡಿಬಂದು ಮಗನ ಹೆಸರು ಬಾಳಪ್ಪ ಎಂದು ಬರೆಸಿದಳು. ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು.

ಕುಲಗೋಡದ ಮಹಾದೇವಿಯ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್. ಹಾಗಿದ್ದರೆ ಹೆರಿಗೆಯಾಗಿ ಮೂರು ದಿನದೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡಲೇಬೇಕು. ಕೊಡದಿದ್ದರೆ ಹುಟ್ಟಿದ ಮಗುವಿಗೆ ಏನೂ ಆಗುವುದಿಲ್ಲ. ಮುಂದೆ ಹುಟ್ಟುವ ಮಗುವಿನ ಪ್ರಾಣಕ್ಕೆ ಬರುತ್ತದೆ. ಆ ಔಷಧ ಆಗ ನಮ್ಮ ಕಡೆ ಸಿಗುತ್ತಿರಲಿಲ್ಲ. ಬಾಳಪ್ಪ ಬಸ್ಸು ಹತ್ತಿ ಬೆಳಗಾವಿಗೆ ಹೋಗಿ, ಯಾರದೋ ಮನೆಯ ಕೆಂಪು ಥರ್ಮಾಸಿನಲ್ಲಿ ಐಸ್ ತುಂಬಿಸಿ, ಅದರೊಳಗೆ ಸೀಸೆ ಇಟ್ಟು ಮರುದಿನ ಮಧ್ಯಾಹ್ನ ತಂದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸಿಲ್ಲ ಎಂದು ಹೇಳಿ ನನ್ನ ಕೈಗೆ ಕೊಟ್ಟ.

ಅಷ್ಟರಲ್ಲಿ ನನಗೆ ಗೊತ್ತಿಲ್ಲದೆ ಒಂದು ನಡೆದಿತ್ತು. ಅಂಕಲಗಿ ಕಡೆಯವಳ ಕೂಸು ಸೆಕೆಗೆ ಅಳುತ್ತಿತ್ತು. ಫ್ಯಾನ್ ಇದ್ದದ್ದು ಎಂಟನೆಯ ಮಂಚದ ಮೇಲೆ. ಕುಲಗೋಡದವಳು, ನೀ ಇಲ್ಲಿ ಮಲಗವ್ವಾ ಎಂದು ತನ್ನ ಮಂಚ ಬಿಟ್ಟುಕೊಟ್ಟು ಏಳಕ್ಕೆ ಹೋಗಿದ್ದಳು.

ನಾನು ಥರ್ಮಾಸ್ ಹಿಡಿದು ಎಂಟರ ಹತ್ತಿರ ಬಂದೆ. ಮಹಾದೇವಿ ಎಂದೆ. ಹೂಂ ಎಂದಳು. ಗಂಡನ ಹೆಸರು ಕೇಳಲಿಲ್ಲ. ಯಾಕೆ ಕೇಳಲಿ, ಮತ್ತೆ ಸೆರಗು, ಮತ್ತೆ ನಗು. ಊರನ್ನೂ ಕೇಳಲಿಲ್ಲ. ಮುಖ ನೋಡಿದೆ. ನನಗೆ ಮುಖ ಮರೆಯುವುದಿಲ್ಲವಲ್ಲ! ಚುಚ್ಚಿದೆ. ವಾರ್ಡಿನ ಪುಸ್ತಕದಲ್ಲಿ ಸೂಜಿ ಕೊಟ್ಟಿದೆ ಎಂದು ಬರೆದೆ.

ಮಾರನೆಯ ಬೆಳಿಗ್ಗೆ ಇಬ್ಬರೂ ಮನೆಗೆ ಹೋದರು. ಮಧ್ಯಾಹ್ನ ಹಾಸಿಗೆ ಬಟ್ಟೆ ತೆಗೆಯುತ್ತಿದ್ದ ಆಯಾ ಮಾತಿಗೆ ಅಂದಳು, "ಆ ಕುಲಗೋಡದ ಹುಡುಗಿ ಬಾಳ ಛಲೋ ಐತ್ರಿ ಸಿಸ್ಟರ್. ಬಾಣಂತಿ ಆಗಿ ತನ್ನ ಫ್ಯಾನ್ ಬಿಟ್ಟುಕೊಟ್ಟು ಏಳಕ್ಕ ಬಂದು ಮಲಗಿದ್ಲು."

ಪುಸ್ತಕ ತೆಗೆದು ಎಂಟನೆಯ ಮಂಚದ ಮುಂದೆ ನಾನು ಬರೆದದ್ದನ್ನು ನೋಡಿದೆ. ಇನ್ನೂ ಒಂದು ದಿನ ಹೊತ್ತಿತ್ತು. ಆಸ್ಪತ್ರೆಯ ಜೀಪಿತ್ತು. ಬೆಳಗಾವಿಗೆ ಫೋನ್ ಮಾಡಿ ಇನ್ನೊಂದು ಸೀಸೆ ತರಿಸಬಹುದಿತ್ತು, ಕುಲಗೋಡಕ್ಕೆ ಹೋಗಿ ಚುಚ್ಚಿ ಬರಬಹುದಿತ್ತು. ದೊಡ್ಡ ಡಾಕ್ಟರರಿಗೆ ಹೇಳಬೇಕು, ಅಷ್ಟೇ. ಅವರ ಕೋಣೆಯವರೆಗೆ ಎರಡು ಸಲ ಹೋದೆ. ಎರಡು ಸಲವೂ ಒಳಗೆ ಅವರು ಯಾರನ್ನೋ ಬಯ್ಯುತ್ತಿದ್ದರು. ನನ್ನ ಕಾಯಂ ಆದೇಶದ ಕಾಗದ ಅವರ ಸಹಿಗೆ ಕಾದಿತ್ತು. ಎರಡು ಸಲವೂ ತಿರುಗಿ ಬಂದೆ. ಎಲ್ಲರಿಗೂ ಹಾಗೆ ಆಗುವುದಿಲ್ಲ, ಎಷ್ಟೋ ಮಂದಿ ಸೂಜಿ ಇಲ್ಲದೆಯೂ ಪಾರಾಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಒಂದು ದಿನ ಹೀಗೇ ಕಳೆಯಿತು. ಕಮಲಾಬಾಯಿ ರಜೆಯಿಂದ ಬಂದಾಗ ಮದುವೆಯ ಉಂಡಿ ಕೊಟ್ಟರು, ತಿಂದೆ. ಅವರಿಗೂ ಹೇಳಲಿಲ್ಲ.

ಮಹಾದೇವಿಯ ಎರಡನೆಯ ಕೂಸು ಅರಿಸಿನದಂತೆ ಹಳದಿಯಾಗಿ ಹುಟ್ಟಿತು. ಬೆಳಗಾವಿಗೆ ಒಯ್ದರು. ಮೂರನೆಯ ದಿನ ಹೋಯಿತು. ಮೂರನೆಯದು ಹೊಟ್ಟೆಯಲ್ಲೇ ಹೋಯಿತು. ಇವೆಲ್ಲ ನನಗೆ ಗೊತ್ತಾಗುತ್ತಿದ್ದವು, ಯಾಕೆಂದರೆ ಅವಳು ವರ್ಷಕ್ಕೊಮ್ಮೆ ನನ್ನಲ್ಲಿಗೆ ಬರುತ್ತಿದ್ದಳು. ಕಬ್ಬಿನ ಗಾಣ ಶುರುವಾದಾಗ ಬಟ್ಟೆಯಲ್ಲಿ ಒಂದು ಮುದ್ದೆ ಹೊಸ ಬೆಲ್ಲ ಕಟ್ಟಿಕೊಂಡು ಬಂದು, ನನ್ನ ಮೇಜಿನ ಮೇಲಿಟ್ಟು, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ನನ್ನ ಮುಖ ನೋಡಿ ಹೋಗುತ್ತಿದ್ದಳು. ಮೊದಲ ಹೆರಿಗೆ ಮಾಡಿಸಿದ ಋಣ ಎಂದುಕೊಂಡಿದ್ದಾಳೆ ಎಂದು ನಾನು ತಿಳಿದಿದ್ದೆ. ಆ ಬೆಲ್ಲ ನಾನು ಒಮ್ಮೆಯೂ ಬಾಯಿಗಿಡಲಿಲ್ಲ. ಆಯಾಗೆ ಕೊಡುತ್ತಿದ್ದೆ. ನನಗೆ ವರ್ಗವಾದ ಮೇಲೆ ಅವಳು ಬರುವುದು ನಿಂತಿತು. ನಾನು ನಿಟ್ಟುಸಿರು ಬಿಟ್ಟೆ. ಅದನ್ನೂ ಬರೆಯಬೇಕು.

ಇನ್ನು ಕಾರ್ಯಕ್ರಮದ ಮಾತು. ಬಿಳಿ ಉಡುಪಿನ ಹುಡುಗಿಯರು ಸಾಲಾಗಿ ಕೂತಿದ್ದರು. ಲೇಖಕರು ಮೆತ್ತಗಿನ ಮನುಷ್ಯ, ಹೆಗಲ ಮೇಲೆ ಶಾಲು. ನಾನು ಮುಲಾಜು ಬಿಟ್ಟು ಮಾತಾಡಿದೆ. ಕೈ ತೊಳೆಯದ ನಾಯಕಿ, ಎಸೆಯುವ ಸಿರಿಂಜು, ಎಲ್ಲ ಹೇಳಿದೆ. ಹುಡುಗಿಯರು ನಕ್ಕರು. ಕೊನೆಗೆ ಆ ಮಧ್ಯದ ಪುಟಕ್ಕೆ ಬಂದೆ. ಹೆಸರು ಕೇಳದೆ ಮುಖ ನೋಡಿ ಚುಚ್ಚುವವಳು ನರ್ಸಲ್ಲ, ಇಂಥದ್ದನ್ನು ಓದಿ ನೀವು ವಾರ್ಡಿಗೆ ಹೋಗಬೇಡಿ, ಇದನ್ನು ಬರೆದವರು ಯಾವ ನರ್ಸನ್ನೂ ಹತ್ತಿರದಿಂದ ಕಂಡಿಲ್ಲ ಎಂದೆ. ಚಪ್ಪಾಳೆ ಬಿತ್ತು.

ಲೇಖಕರು ಎದ್ದರು. ಸಿಟ್ಟಾಗಲಿಲ್ಲ. "ಸಿಸ್ಟರ್, ಆ ಮಾತು ನೀವೇ ಹೇಳಿದ್ದು. ನಾಲ್ಕು ವರ್ಷದ ಹಿಂದೆ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮ ಹಾಗೆ ನಿವೃತ್ತರಾದ ಹತ್ತಾರು ನರ್ಸ್‌ಗಳನ್ನು ಕಂಡೆ. ನಿಮ್ಮಿಂದ ಏನಾದರೂ ತಪ್ಪಾಗಿತ್ತಾ ಅಂತ ಎಲ್ಲರನ್ನೂ ಕೇಳಿದೆ. ಒಬ್ಬರೂ ಹೇಳಲಿಲ್ಲ. ನೀವು ಹೇಳಿದಿರಿ, ನಾನು ಮುಖ ಮರೆಯೋಳಲ್ಲ, ಒಂದು ಸೂಜಿನೂ ಅದಲುಬದಲಾಗಿಲ್ಲ ಅಂತ. ನಾನು ಅದನ್ನೇ ಬರೆದೆ."

ನೆನಪಾಯಿತು. ಶಾಲು ಇರಲಿಲ್ಲ ಆಗ. ಒಂದು ವಹಿ ಹಿಡಿದು ನನ್ನ ಮನೆಯ ಪಡಸಾಲೆಯಲ್ಲಿ ಕೂತು, ಎರಡು ಸಲ ಚಹಾ ಕುಡಿದು ಹೋದ ಮನುಷ್ಯ ಇವರೇ.

ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಸಣಕಲು ಹುಡುಗಿ, ಕಣ್ಣು ಚುರುಕು. "ಮೇಡಂ, ಹಂಗಾದ್ರ ಖರೆ ಹೇಳ್ರಿ. ನಿಮ್ಮಿಂದ ತಪ್ಪು ಆಗಿತ್ತೇನ್ರಿ?"

ಆಗಿತ್ತು ಎಂದೆ. ನಾಲಿಗೆಯ ತುದಿಗೆ ಮಹಾದೇವಿಯ ಹೆಸರು ಬಂದಿತ್ತು, ಅಲ್ಲಾಹನಾಣೆ ಬಂದಿತ್ತು. ನಾನು ಹೇಳಿದ್ದು ಬೇರೆ. ಹೊಸದರಲ್ಲಿ ಸಿರಿಂಜು ಕುದಿಯಲು ಇಟ್ಟು, ರೇಡಿಯೋದಲ್ಲಿ ಹಾಡು ಕೇಳುತ್ತ ಮರೆತು, ನೀರೆಲ್ಲ ಆರಿ, ಗಾಜು ಪಟಪಟ ಸಿಡಿದು, ಜೊತೆಗಿಟ್ಟ ರಬ್ಬರ್ ಕೈಗವಸು ಸುಟ್ಟ ಹೊಗೆಗೆ ದೊಡ್ಡ ಡಾಕ್ಟರು ಬೆಂಕಿ ಬೆಂಕಿ ಎಂದು ಬಾಣಂತಿಯರನ್ನೆಲ್ಲ ಅಂಗಳಕ್ಕೆ ಓಡಿಸಿದ ಕಥೆ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲೇಖಕರೂ ನಕ್ಕರು. ಪ್ರಶ್ನೆ ಕೇಳಿದ ಹುಡುಗಿ ಮಾತ್ರ ಪೂರ್ತಿ ನಗಲಿಲ್ಲ.

ಹಾರ, ಶಾಲು, ಒಂದು ಬುಟ್ಟಿ ಹಣ್ಣು ತಗೊಂಡು ಮನೆಗೆ ಬಂದೆ. ಬುಟ್ಟಿಯನ್ನು ಮೇಜಿನ ಮೇಲಿಟ್ಟೆ, ಅಲ್ಲಿಂದ ಕಟ್ಟೆಯ ಮೇಲಿಟ್ಟೆ, ಅಲ್ಲಿಂದ ಮತ್ತೆ ಮೇಜಿಗೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕೆಟ್ಟ ಕಾದಂಬರಿ ಎಂದು ನೂರು ಮಂದಿಯ ಮುಂದೆ ಬೈದು ಬಂದಿದ್ದೆ. ಅದರಲ್ಲಿನ ಸುಳ್ಳು ನಾನು ಕೊಟ್ಟದ್ದು. ಅಷ್ಟಾದ ಮೇಲೂ ಇನ್ನೊಂದು ಅವಕಾಶ ಸಿಕ್ಕಿತ್ತು, ಅಲ್ಲಿಯೂ ಸಿರಿಂಜು ಕುದಿಸಿದೆ. ನಾಚಿಕೆಯಾಯಿತು. ಎರಡು ದಿನ ತಡೆದೆ, ಮೂರನೆಯ ದಿನ ಬೆಳಿಗ್ಗೆ ಕುಲಗೋಡದ ಬಸ್ಸು ಹತ್ತಿದೆ. ಮಗಳಿಗೆ ಹಳೆಯ ಪರಿಚಯದವರನ್ನು ನೋಡಿ ಬರುತ್ತೇನೆ ಎಂದೆ.

ಮಹಾದೇವಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳು ಈಗ ಮಗಳು ಅಳಿಯರ ಜೊತೆ ಇದ್ದಾಳೆ. ಆ ಮಗಳೇ, ಅಂದು ನಾನು ಹೆರಿಗೆ ಮಾಡಿಸಿದವಳು, ಬಾಗಿಲು ತೆರೆದಳು. ಮಹಾದೇವಿ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಹಣೆ ಬರಿದಾಗಿತ್ತು. ಬಾಳಪ್ಪ ತೀರಿಕೊಂಡು ಎರಡು ವರ್ಷವಾಯಿತಂತೆ. ಅವಳನ್ನು ನಾನು ಗುರುತಿಸಲಿಲ್ಲ. ಮುಖ ಮರೆಯದ ನಾನು. ಅವಳು ನನ್ನನ್ನು ಒಂದೇ ನೋಟಕ್ಕೆ ಗುರುತಿಸಿದಳು.

"ಬರ್ರಿ ಬಾಯಾರ, ಬರ್ರಿ. ಕುಂದರ್ರಿ. ಏ ಶಾಂತಾ, ಚಾ ಇಡವಾ."

ಮಗಳು ಒಳಗೆ ಹೋದ ಕೂಡಲೇ ನಾನು ಹೇಳಿಬಿಟ್ಟೆ. ಎಲ್ಲಿಂದ ಶುರು ಮಾಡಿದೆನೋ ನೆನಪಿಲ್ಲ. ಥರ್ಮಾಸು, ಎಂಟನೆಯ ಮಂಚ, ಉಳಿದಿದ್ದ ಒಂದು ದಿನ, ಡಾಕ್ಟರರ ಬಾಗಿಲು. ನಿನ್ನ ಎರಡು ಕೂಸು ಹೋದದ್ದು ನನ್ನಿಂದ ಎಂದೆ. ಅತ್ತುಬಿಟ್ಟೆ. ಅವಳು ತೆನೆ ಬಿಡಿಸುತ್ತಲೇ ಇದ್ದಳು. ಕಾಳು ಮೊರಕ್ಕೆ ಬೀಳುತ್ತಲೇ ಇತ್ತು. ನಾನು ಮಾತು ನಿಲ್ಲಿಸಿದ ಮೇಲೆ ಅವಳ ಕೈ ನಿಂತಿತು.

"ಗೊತ್ತೈತ್ರಿ ಬಾಯಾರ," ಎಂದಳು.

ನನಗೆ ಅರ್ಥವಾಗಲಿಲ್ಲ.

"ಕೆಂಪ ಥರ್ಮಾಸ ನಮ್ಮ ಗಲ್ಲೀ ಮಾಸ್ತರ ಮನೀದು. ಅದನ್ನ ನಾ ಗುರ್ತ ಹಿಡದಿದ್ನಿ. ಬಾಜೂದಾಕಿಗೆ ನೀವು ಸೂಜಿ ಮಾಡೂ ಮುಂದ ನಾ ಎಚ್ಚರ ಇದ್ನಿ. ಅದು ನಂದಲ್ಲರಿ, ಅನ್ನಾಕ ಬಾಯಿ ತಗದ್ನಿ. ಹಿಂದಿನ ದಿನ ನೀವು ಅಷ್ಟ ಬೈದಿದ್ರಿ. ಅಂಜಿದ್ನಿ. ಕಲತವರಿಗೆ ನಾ ಏನ ಹೇಳೂದು ಅಂತ ಸುಮ್ಮನಾದ್ನಿ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಎರಡನೇದ್ದು ಹ್ವಾದಾಗ ಬೆಳಗಾವಿ ಡಾಕ್ಟರು ಕೇಳಿದ್ರು, ಮೊದಲನೇ ಹೆರಿಗಿಗೆ ಸೂಜಿ ಆಗಿತ್ತೇನು ಅಂತ. ನಮ್ಮವರು ಆಗೇತ್ರಿ, ನಾನ ಕೈಯಾರೆ ತಂದೇನಿ ಅಂದ್ರು. ನಾ ಬಾಜೂಕ ಕುಂತಿದ್ನಿ. ಬಾಯಿ ಬಿಡಲಿಲ್ಲ. ಬಿಟ್ಟಿದ್ರ ಆವತ್ತ ಯಾಕ ಸುಮ್ಮನಿದ್ದಿ ಅಂತಿದ್ರಲ್ಲರಿ. ಸಾಯೂತನಕಾ ಅವರು ಸೂಜಿ ಆಗೇತಿ ಅಂತನ ತಿಳಕೊಂಡಿದ್ರು."

"ಮತ್ತ ಬೆಲ್ಲ ಯಾಕ ತರ್ತಿದ್ದಿ?" ಎಂದು ಕೇಳಿದೆ.

"ಬೆಲ್ಲ ಕೊಡಾಕ ಬರ್ತಿದ್ದಿಲ್ಲರಿ ನಾ. ನೀವು ಏನರೆ ಹೇಳ್ತೀರೇನು ನೋಡಾಕ ಬರ್ತಿದ್ನಿ. ನೀವು ಹೇಳಿದ್ರ ನಾನೂ ಮನ್ಯಾಗ ಹೇಳಬೇಕಂತ ಮಾಡಿದ್ನಿ."

ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ. ಇಷ್ಟು ವರ್ಷ ನನ್ನೊಳಗೆ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಗಂಡನ ಹೆಸರು ಹೇಳದ ಹೆಂಗಸರ ಆ ಪದ್ಧತಿಯಿಂದಲೇ ಹೀಗಾಯಿತು, ಅವರು ಬಾಯಿ ಬಿಟ್ಟಿದ್ದರೆ ನಾನು ತಪ್ಪುತ್ತಿರಲಿಲ್ಲ ಎಂದು. ಬಾಯಿ ತೆರೆದಿದ್ದಳು. ಮುಚ್ಚಿಸಿದವಳು ನಾನು.

ಇದನ್ನು ಆ ಶಾಲೆಯ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ಒಂದು ಪ್ರತಿ ಲೇಖಕರಿಗೂ ಹೋಗುತ್ತದೆ. ಈಗ ನಿಮ್ಮಲ್ಲಿ ರೋಗಿಯ ಮುಂಗೈಗೆ ಕಟ್ಟುವ ಪಟ್ಟಿ ಇದೆ, ಅದರ ಮೇಲೆ ನಂಬರಿದೆ, ಕಂಪ್ಯೂಟರಿದೆ. ಒಳ್ಳೆಯದೇ. ಆದರೆ ಮಂಚದ ಮೇಲೆ ಮಲಗಿದವಳು ನಿಮಗೆ ಅಂಜಿದ್ದರೆ, ಆ ನಂಬರು ತಪ್ಪಿದ ದಿನ ಅವಳು ಬಾಯಿ ಬಿಡುವುದಿಲ್ಲ. ಹೀಗೆ ಬರೆಯಲು ನಾನು ಮಹಾದೇವಿಯನ್ನು ಕೇಳಿದೆ. ಬರೀರಿ ಎಂದಳು, ಮಗಳಿಗೆ ತಾನೇ ಹೇಳುತ್ತೇನೆ ಎಂದಳು.

ಬಸ್ಸಿನ ಹೊತ್ತಾಯಿತೆಂದು ಎದ್ದೆ. ನನ್ನನ್ನು ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬಾಗಿಲ ತನಕ ಬಂದವಳು ನಿಂತಳು.

"ಬಾಯಾರ, ಆವತ್ತ ಕೇಳಿದ್ರೆಲಾ ನೀವು. ಈಗೊಮ್ಮೆ ಕೇಳ್ರಿ."

ನನಗೆ ತಿಳಿಯಿತು. ಅವಳ ಮುಂಗೈ ಹಿಡಿದುಕೊಂಡೆ, ಕಮಲಾಬಾಯಿ ಹಿಡಿಯುತ್ತಿದ್ದ ಹಾಗೆ. ಹೆಸರು ಕೇಳಿದೆ.

"ಮಹಾದೇವಿ."

"ಯಜಮಾನ್ರ ಹೆಸರವಾ?"

ಅವಳು ಸೆರಗಿಗೆ ಕೈ ಹಾಕಲಿಲ್ಲ. "ಇನ್ನ ಅವರ ಆಯುಷ್ಯ ಕಡಿಮಿ ಆಗೂದು ಏನೈತ್ರಿ," ಎಂದಳು. ಆಮೇಲೆ ಒಳಗಿದ್ದ ಮಗಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಬಾಳಪ್ಪ. ಊರು ಕುಲಗೋಡ."